ಚಿಮ್ಮಡದ ಪಡಸಾಲೆಯಲ್ಲಿ ಸ್ನೇಹಲತಾ

2025ರ ಜೂನ್ 25. ತುರ್ತು ಪರಿಸ್ಥಿತಿ ಘೋಷಣೆಯಾಗಿ ಐವತ್ತು ವರ್ಷ ತುಂಬಿದ ಆ ಸಂಜೆ, ರಬಕವಿ-ಬನಹಟ್ಟಿ ತಾಲ್ಲೂಕಿನ ನಮ್ಮ ಚಿಮ್ಮಡದ ಮನೆಯೊಂದರ ಪಡಸಾಲೆಯಲ್ಲಿ ಇಪ್ಪತ್ತೈದು ಮೂವತ್ತು ಜನ ಸೇರಿದ್ದೆವು. ವೇದಿಕೆಯಿರಲಿಲ್ಲ, ಧ್ವನಿವರ್ಧಕವೂ ಇರಲಿಲ್ಲ. ಒಂದು ವಾಯಲಿನ್, ತಬಲಾ, ತಂಬೂರಿ. ಓದಲು ಇಬ್ಬರು ನಿವೃತ್ತ ಶಿಕ್ಷಕರು. ಪ್ರಜಾಪ್ರಭುತ್ವ ಕುಸಿದ ದಿನಗಳಲ್ಲಿ ಬರೆದವರ ಬರಹಗಳನ್ನು ಓದುವುದು, ನಡುನಡುವೆ ರಾಗ ಕೇಳುವುದು, ಇಷ್ಟೇ ಕಾರ್ಯಕ್ರಮ. ಹಲವರ ಹೆಸರು ಬಂದು ಹೋದವು. ನನ್ನೊಡನೆ ಮನೆಯವರೆಗೂ ನಡೆದು ಬಂದವರು ಸ್ನೇಹಲತಾ ರೆಡ್ಡಿ ಒಬ್ಬರೇ.

ಆಂಧ್ರದ ಕ್ರೈಸ್ತ ಕುಟುಂಬದಲ್ಲಿ 1932ರಲ್ಲಿ ಹುಟ್ಟಿದ ಅವರು ಪರದೇಶಿ ಆಳ್ವಿಕೆಯ ಮೇಲಿನ ಸಿಟ್ಟಿನಿಂದ ಭಾರತೀಯ ಹೆಸರನ್ನೇ ಇಟ್ಟುಕೊಂಡರು. ಭರತನಾಟ್ಯ ಕಲಿತರು. ಕವಿ ಪಟ್ಟಾಭಿರಾಮ ರೆಡ್ಡಿಯವರನ್ನು ಮದುವೆಯಾದರು. ಮದ್ರಾಸಿನಲ್ಲಿ ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡ ಕಟ್ಟಿದವರಲ್ಲಿ ಅವರೂ ಒಬ್ಬರು. ದಂಪತಿಗಳಿಬ್ಬರೂ ಲೋಹಿಯಾವಾದಿಗಳು. ಕನ್ನಡಿಗರಿಗೆ ಮಾತ್ರ ಅವರು ಎಂದೆಂದಿಗೂ 1970ರ ‘ಸಂಸ್ಕಾರ’ದ ಚಂದ್ರಿ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿ ನಿರ್ದೇಶಿಸಿದ ಆ ಚಿತ್ರ ಮೊದಲು ಸೆನ್ಸಾರ್ ನಿಷೇಧಕ್ಕೆ ಸಿಲುಕಿ, ಅನಂತರ ಬಿಡುಗಡೆಯಾಗಿ, ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು. ಶವಸಂಸ್ಕಾರ ಯಾರು ಮಾಡಬೇಕೆಂದು ಇಡೀ ಅಗ್ರಹಾರ ಶಾಸ್ತ್ರ ತಿರುವುತ್ತ ಕುಳಿತಾಗ ಆ ಕೆಲಸವನ್ನು ಸದ್ದಿಲ್ಲದೆ ಮಾಡಿಸಿದವಳು ಚಂದ್ರಿ. ಆ ಪಾತ್ರಕ್ಕೂ ಅವರ ಬದುಕಿಗೂ ಇದ್ದ ಅಂತರ ಬಹಳವಲ್ಲವೆಂದೇ ನನಗೆ ತೋರುತ್ತದೆ.

ಇಷ್ಟು ಓದುವ ಹೊತ್ತಿಗೆ ಹಿರಿಯ ರೈತರೊಬ್ಬರು ನಡುವೆ ಬಾಯಿ ಹಾಕಿದರು. ಕುಸಿಯಿತು ಕುಸಿಯಿತು ಎನ್ನುತ್ತೀರಲ್ಲ, ತಮ್ಮ ತಂದೆಗೆ ಗೇಣಿಯ ಹೊಲ ಸ್ವಂತವಾದದ್ದು ಅದೇ ವರ್ಷಗಳಲ್ಲಿ ಎಂಬುದು ಅವರ ತಕರಾರು. ಅದು ಸುಳ್ಳಲ್ಲ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಕಾಯ್ದೆ 1974ರಲ್ಲಿ ಜಾರಿಗೆ ಬಂದು, ನ್ಯಾಯಮಂಡಳಿಗಳು ಉಳುವವನ ಹೆಸರಿಗೆ ಭೂಮಿ ಬರೆದುಕೊಟ್ಟದ್ದು ಆ ಕಾಲದಲ್ಲೇ. ಆಗ ಹೈಸ್ಕೂಲಿನಲ್ಲಿದ್ದ ನಾನೂ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆದವನೇ. ಊರಲ್ಲಿ ಯಾರಿಗೂ ಉಸಿರು ಕಟ್ಟಿದಂತೆ ಅನಿಸಿರಲಿಲ್ಲ. ನಗರದ ಲೇಖಕರು ಇದನ್ನು ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ. ಆದರೆ ಹೊಲ ಕೊಟ್ಟ ಸರ್ಕಾರ, ಸ್ನೇಹಲತಾ ಅವರನ್ನು ಕೂಡಿಟ್ಟ ಸೆರೆಮನೆ ನಡೆಸುತ್ತಿದ್ದ ಸರ್ಕಾರ, ಎರಡೂ ಒಂದೇ ಆಗಿದ್ದವು.

ಜಾರ್ಜ್ ಫರ್ನಾಂಡಿಸ್ ಭೂಗತರಾಗಿದ್ದರು. ಅವರ ತಮ್ಮ ಲಾರೆನ್ಸ್‌ರನ್ನು ಬೆಂಗಳೂರಿನ ಪೊಲೀಸರು 1976ರ ಮೇ 1ರಂದು ಹಿಡಿದು ಚಿತ್ರಹಿಂಸೆಗೆ ಗುರಿಮಾಡಿದರು. ಮರುದಿನ ಸ್ನೇಹಲತಾ ಬಂಧನಕ್ಕೊಳಗಾದರು. ಬರೋಡಾ ಡೈನಮೈಟ್ ಪ್ರಕರಣ ಎಂಬುದು ನೆಪ. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಬಿಡುಗಡೆ ಕೇಳಲು ಬಾಗಿಲೂ ಇರಲಿಲ್ಲ. ಬಂಧನಕ್ಕೆ ನಾಲ್ಕೇ ದಿನ ಮೊದಲು, ಏಪ್ರಿಲ್ 28ರಂದು, ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ನ್ಯಾಯಾಲಯದ ಮೊರೆ ಹೋಗುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತಿದ್ದರು. ಒಪ್ಪದೆ ನಿಂತವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪನ್ನು ಅದೇ ನ್ಯಾಯಾಲಯ ತಪ್ಪೆಂದು ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ.

ಸ್ನೇಹಲತಾ ಅವರಿಗೆ ತೀವ್ರವಾದ ಉಬ್ಬಸವಿತ್ತು. ನಮ್ಮ ಕಡೆ ದಮ್ಮು ಎನ್ನುತ್ತೇವೆ. ಬೆಂಗಳೂರು ಕೇಂದ್ರ ಕಾರಾಗೃಹದ ಒಂಟಿ ಕೋಣೆಯಲ್ಲಿ, ನೆಲದ ಮೇಲೆ ಮಲಗಿ, ಸರಿಯಾದ ಚಿಕಿತ್ಸೆಯಿಲ್ಲದೆ ಅವರು ಎಂಟು ತಿಂಗಳು ಕಳೆದರು. ರಾತ್ರಿ ಅವರು ನರಳುವ ಸದ್ದು ಅದೇ ಜೈಲಿನಲ್ಲಿದ್ದ ಮಧು ದಂಡವತೆ ಅವರ ಕಿವಿಗೂ ಬೀಳುತ್ತಿತ್ತು. ಆದರೂ ಅಲ್ಲಿ ಅವರು ಬರೆದ ದಿನಚರಿಯಲ್ಲಿ ತಮ್ಮ ಕಷ್ಟದಷ್ಟೇ ಜಾಗ ಇತರ ಹೆಣ್ಣು ಕೈದಿಗಳಿಗೂ ಇದೆ. ಒಳಗೆ ಬರುವ ಹೆಂಗಸರನ್ನು ಬತ್ತಲೆಗೊಳಿಸಿ ಶೋಧಿಸುವ ಪದ್ಧತಿಯನ್ನು ಅವರು ಪ್ರತಿಭಟಿಸಿದರು. ಊಟಕ್ಕಾಗಿ ಜಗಳವಾಡಿದರು, ಉಪವಾಸ ಕೂತರು. ಆ ಹೆಂಗಸರಿಗೆ ಹಾಡು ಆಟ ಕಲಿಸಿದರು. ರಾಜಕೀಯ ಕೈದಿಗಳ ಬರಹಗಳಲ್ಲಿ ಕಳ್ಳತನಕ್ಕೆ ಸಿಕ್ಕಿಬಿದ್ದ ಬಡ ಹೆಂಗಸರು ಕಾಣಿಸಿಕೊಳ್ಳುವುದು ಅಪರೂಪ. ಈ ಕಾರಣಕ್ಕಾಗಿಯೇ ಆ ಪುಟ್ಟ ಪುಸ್ತಕ ನನಗೆ ದೊಡ್ಡದಾಗಿ ಕಾಣುತ್ತದೆ.

ಬದುಕುವುದು ಕಷ್ಟ ಎನ್ನುವಂತಾದ ಮೇಲೆ, 1977ರ ಜನವರಿ 15ರಂದು, ಪೆರೋಲ್ ಮೇಲೆ ಬಿಟ್ಟರು. 18ರಂದು ಇಂದಿರಾ ಗಾಂಧಿ ಚುನಾವಣೆ ಘೋಷಿಸಿದರು. 20ರಂದು ಸ್ನೇಹಲತಾ ತೀರಿಕೊಂಡರು.

ಮುಂದಿನ ಮಾರ್ಚ್ 21ರಂದು ತುರ್ತು ಪರಿಸ್ಥಿತಿ ರದ್ದಾಯಿತು. ಆಗ ಹಂಗಾಮಿ ರಾಷ್ಟ್ರಪತಿಯಾಗಿದ್ದವರು ಬಿ.ಡಿ. ಜತ್ತಿ, ನಮ್ಮದೇ ಜಮಖಂಡಿ ಸೀಮೆಯ ಸಾವಳಗಿಯವರು. ಈ ಸಂಗತಿ ಹೇಳಿದಾಗ ಪಡಸಾಲೆಯಲ್ಲಿ ಒಂದಿಷ್ಟು ಹೆಮ್ಮೆಯ ಗುಜುಗುಜು ಎದ್ದಿತು. ಯಾರೋ ಎರಡು ತಿಂಗಳ ಲೆಕ್ಕ ಹಾಕಿದರು, ಗುಜುಗುಜು ನಿಂತಿತು.

ಮಾರ್ವಾ ರಾಗ ಅಷ್ಟರಲ್ಲಿ ಶುರುವಾಗಿತ್ತು. ಕಾರ್ಯಕ್ರಮ ಮುಗಿದ ಮೇಲೆ ಆ ರೈತರು ಹತ್ತಿರ ಬಂದು, ಅವರಿಗೆ ಆಗ ವಯಸ್ಸೆಷ್ಟು ಎಂದು ಕೇಳಿದರು. ನಲವತ್ತೈದರ ಆಸುಪಾಸು ಎಂದೆ. ತಮ್ಮ ತಾಯಿಗೂ ದಮ್ಮು ಇತ್ತೆಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು, ದಿನಚರಿಯ ಪ್ರತಿಯನ್ನು ಓದಲು ಒಯ್ದರು.