ಧೂಮಕೇತುವಿಗೆ ಹೆಸರಾದ ವೈನು ಬಪ್ಪು

ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ನಮ್ಮ ಶಾಲೆಯ ಕಿರಿಯ ಗೆಳೆಯರಿಗೆ ಒಬ್ಬ ಖಗೋಳ ವಿಜ್ಞಾನಿಯನ್ನು ಪರಿಚಯಿಸಲು ಇಷ್ಟಪಡುತ್ತೇನೆ. ಅವರು ವೈನು ಬಪ್ಪು.

ಬಪ್ಪು ಹುಟ್ಟಿದ್ದು 1927ರಲ್ಲಿ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದರು. ಆಗ ನಮ್ಮ ಕಡಗಂಚಿಯೂ ಹೈದರಾಬಾದ್ ಸಂಸ್ಥಾನದಲ್ಲೇ ಇತ್ತು. ಅಲ್ಲಿನ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಬಪ್ಪು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. 1949ರ ಜುಲೈ 2ರಂದು, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಹೊಸ ಧೂಮಕೇತುವೊಂದನ್ನು ಪತ್ತೆಹಚ್ಚಿದರು. ಗುರು ಬಾಕ್ ಮತ್ತು ಸಹಪಾಠಿ ನ್ಯೂಕರ್ಕ್ ಅವರ ಹೆಸರಿನೊಂದಿಗೆ ಅದು ಬಪ್ಪು–ಬಾಕ್–ನ್ಯೂಕರ್ಕ್ ಧೂಮಕೇತು ಎನಿಸಿತು. 1957ರಲ್ಲಿ ವಿಲ್ಸನ್ ಜೊತೆ ಪ್ರಕಟಿಸಿದ ಶೋಧ ನಕ್ಷತ್ರಗಳ ದೂರ ಅಳೆಯಲು ನೆರವಾಯಿತು.

ಅಲ್ಲೇ ಉಳಿಯಬಹುದಿತ್ತು. ಆದರೆ ದೊಡ್ಡ ದೂರದರ್ಶಕವಿಲ್ಲದ ದೇಶಕ್ಕೆ ಮರಳಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಹೊಣೆ ಹೊತ್ತರು. ಕತ್ತಲ ಆಕಾಶ ಹುಡುಕಿ ತಮಿಳುನಾಡಿನ ಕಾವಲೂರಿನಲ್ಲಿ ವೀಕ್ಷಣಾಲಯ ಕಟ್ಟಿದರು. ಈಗ ಬೆಂಗಳೂರಿನಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ರೂಪ ಕೊಟ್ಟವರೂ ಅವರೇ. 1982ರಲ್ಲಿ ತೀರಿಕೊಂಡಾಗ ಅವರ ಕನಸಿನ 2.34 ಮೀಟರ್ ದೂರದರ್ಶಕ ಇನ್ನೂ ಪೂರ್ಣಗೊಂಡಿರಲಿಲ್ಲ. ಇಂದು ಅದಕ್ಕೆ ಅವರದೇ ಹೆಸರಿದೆ.

ಅವರು ನೋಡದೆ ಹೋದ ಸೋಜಿಗವೊಂದಿದೆ. 1996ರಲ್ಲಿ ಹ್ಯಾಕುಟಾಕೆ ಧೂಮಕೇತುವಿನಿಂದ ಎಕ್ಸ್-ಕಿರಣ ಬರುತ್ತಿರುವುದನ್ನು ರೋಸಾಟ್ ಉಪಗ್ರಹ ಕಂಡಿತು. ಎಕ್ಸ್-ಕಿರಣವೆಂದರೆ ಲಕ್ಷಾಂತರ ಡಿಗ್ರಿ ಬಿಸಿಯ ವಸ್ತುವಿನಿಂದ ಬರುವಂಥದ್ದು ಎಂದೇ ಎಣಿಕೆ. ಧೂಮಕೇತುವೋ ಹಿಮ ಮತ್ತು ದೂಳಿನ ಉಂಡೆ! ಮರುವರ್ಷ ಕ್ರೇವನ್ಸ್ ಕಾರಣ ವಿವರಿಸಿದರು. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಸೌರಮಾರುತ ಬೀಸುತ್ತದೆ. ಅದರಲ್ಲಿನ ಆಮ್ಲಜನಕ, ಇಂಗಾಲದ ಅಯಾನುಗಳು ತಮ್ಮ ಹೆಚ್ಚಿನ ಎಲೆಕ್ಟ್ರಾನುಗಳನ್ನು ಕಳೆದುಕೊಂಡಿರುತ್ತವೆ. ಧೂಮಕೇತುವಿನ ಸುತ್ತಲಿನ ನೀರಾವಿಯಂಥ ತಟಸ್ಥ ಅನಿಲ ಎದುರಾದಾಗ ಅದರಿಂದ ಒಂದು ಎಲೆಕ್ಟ್ರಾನನ್ನು ಕಸಿದುಕೊಳ್ಳುತ್ತವೆ. ಕಸಿದ ಎಲೆಕ್ಟ್ರಾನ್ ಮೇಲಿನ ಮಟ್ಟದಿಂದ ಕೆಳಗಿಳಿಯುವಾಗ ಎಕ್ಸ್-ಕಿರಣ ಹೊಮ್ಮುತ್ತದೆ. ಇದೇ ಆವೇಶ ವಿನಿಮಯ.

ಬಿಇ ಓದಿದರೆ ಬೇಗ ಕೆಲಸ ಸಿಗುತ್ತದೆ ಎಂಬುದು ನಿಜ. ನನ್ನ ಮನೆ ನಡೆಯುತ್ತಿರುವುದೂ ಅದರಿಂದಲೇ. ಆದರೂ ಪಾಲಕರಲ್ಲಿ ನನ್ನದೊಂದು ವಿನಂತಿ: ಆಕಾಶದ ಬಗ್ಗೆ ಬಿಡದೆ ಪ್ರಶ್ನೆ ಕೇಳುವ ಮಗ ಅಥವಾ ಮಗಳು ಮನೆಯಲ್ಲಿದ್ದರೆ ವಿಜ್ಞಾನ ಓದಲು ಬಿಡಿ. ಬಪ್ಪು ದೂರದ ಹಾರ್ವರ್ಡ್‌ಗೆ ಹೋಗಬೇಕಾಯಿತು. ನಮ್ಮ ಮಕ್ಕಳಿಗೆ ಕಡಗಂಚಿಯಲ್ಲೇ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಅಲ್ಲಿ ಭೌತವಿಜ್ಞಾನ ವಿಭಾಗವೂ ಇದೆ.