ಬೆಂಜಮಿನ್ ಲೂಯಿಸ್ ರೈಸರವರ ಜೀವಿತವೂ ಅದರಿಂದ ನಮಗಾಗುವ ಬುದ್ಧಿಯೂ



ನಮ್ಮ ಹಾಸನ ಸೀಮೆಯಲ್ಲಿ ಸಂಚರಿಸುವವರಿಗೆ ಬರೆದ ಕಲ್ಲುಗಳು ಕಣ್ಣಿಗೆ ಬೀಳದೆ ಇರುವದಿಲ್ಲ. ಊರ ಬಾಗಿಲಲ್ಲಿಯೋ, ಕೆರೆಯ ಏರಿಯ ಮೇಲೆಯೋ, ಹಾಳುಬಿದ್ದ ಗುಡಿಯ ಮುಂದೆಯೋ ಅಂಥ ಕಲ್ಲುಗಳು ನಿಂತಿರುತ್ತವೆ. ಕೆಲವರು ಅದನ್ನು ನಿಧಿಯ ಗುರುತೆಂದು ತಿಳಿದು ಬುಡವನ್ನು ಅಗೆಯುತ್ತಾರೆ. ಕೆಲವರು ಅದಕ್ಕೆ ಅಂಜಿ ಸುತ್ತಿಕೊಂಡು ಹೋಗುತ್ತಾರೆ. ಕೆಲವರು ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಆದರೆ ಕೆರೆಯನ್ನು ಕಟ್ಟಿಸಿದವರು ಯಾರು, ಊರಿನ ದನಗಳನ್ನು ಕಳ್ಳರಿಂದ ಬಿಡಿಸುವಾಗ ಪ್ರಾಣ ಕೊಟ್ಟವನು ಯಾರು, ಭೂಮಿಯನ್ನು ಯಾರು ಯಾರಿಗೆ ದಾನಮಾಡಿದರು ಎಂಬ ಸಂಗತಿಗಳೇ ಅವುಗಳಲ್ಲಿ ಕೆತ್ತಲ್ಪಟ್ಟಿವೆ. ಇಂಥ ಕಲ್ಲುಗಳನ್ನು ಸಾವಿರಗಟ್ಟಲೆಯಾಗಿ ಹುಡುಕಿ, ಓದಿ, ಅಚ್ಚುಹಾಕಿಸಿ, ನಮ್ಮ ನಾಡಿಗೆ ಅದರ ಪೂರ್ವಕಥೆಯನ್ನು ತಿಳಿಯಪಡಿಸಿದವರು ಒಬ್ಬ ಮಿಶನೆರಿಯ ಮಗನಾದ ಬೆಂಜಮಿನ್ ಲೂಯಿಸ್ ರೈಸರವರು. ಇವರು ಪಾದ್ರಿಗಳಲ್ಲ, ಸರಕಾರದ ನೌಕರರಾಗಿದ್ದರು. ಆದಾಗ್ಯೂ ದಿನದ ಕೆಲಸವನ್ನು ನಂಬಿಗಸ್ತಿಕೆಯಿಂದ ಮಾಡುವದು ಹೇಗೆಂದು ಕಲಿಯಬೇಕೆನ್ನುವ ಸಭೆಯ ಹಿರಿಯರಿಗೂ ಉಪದೇಶಿಗಳಿಗೂ ಬೇಸಾಯಗಾರರಿಗೂ ಇವರ ಜೀವಿತದಲ್ಲಿ ಬಹಳ ಬುದ್ಧಿಯುಂಟು.

ಇವರ ತಂದೆಯಾದ ಬೆಂಜಮಿನ್ ಹೋಲ್ಟ್ ರೈಸ್ ಪಾದ್ರಿಗಳು ಲಂಡನ್ ಮಿಶನಿನಿಂದ ಕಳುಹಿಸಲ್ಪಟ್ಟು 1837ರಲ್ಲಿ ಬೆಂಗಳೂರಿಗೆ ಬಂದರು. ಅದೇ ವರ್ಷ ಜುಲೈ 17ರಲ್ಲಿ ಲೂಯಿಸರು ಬೆಂಗಳೂರಿನಲ್ಲಿಯೇ ಹುಟ್ಟಿದರು. ತಂದೆಯವರು ಐವತ್ತು ವರ್ಷಗಳ ವರೆಗೆ ಕನ್ನಡದಲ್ಲಿ ಸುವಾರ್ತೆಯನ್ನು ಸಾರುತ್ತಾ, ಶಾಲೆಗಳನ್ನು ನಡಿಸುತ್ತಾ, ಪುಸ್ತಕಗಳನ್ನು ಬರೆಯುತ್ತಾ ಇದ್ದು, 1887ರಲ್ಲಿ ಕರ್ತನಲ್ಲಿ ನಿದ್ರೆಹೋದರು. ಸತ್ಯವೇದದ ಕನ್ನಡ ಭಾಷಾಂತರವನ್ನು ತಿದ್ದುವ ಕೆಲಸದಲ್ಲಿಯೂ ಅವರ ಕೈ ಇತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿರುವ ರೈಸ್ ಸ್ಮಾರಕ ದೇವಾಲಯವು ಆ ತಂದೆಯ ಹೆಸರನ್ನೇ ಹೊತ್ತಿದೆ. ಇಂಥ ಮನೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಎಡ್ವರ್ಡ್ ಎಂಬವರು ತಂದೆಯಂತೆ ಪಾದ್ರಿಗಳಾದರು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದವರು ಇವರೇ. ಲೂಯಿಸರು ಬೇರೆ ದಾರಿಯನ್ನು ಹಿಡಿದರು. ಕರ್ತನು ಒಂದೇ ಮನೆಯ ಮಕ್ಕಳಿಗೆ ಬೇರೆ ಬೇರೆ ತಲಾಂತುಗಳನ್ನು ಕೊಡುತ್ತಾನೆ. ಮಗನು ಉಪದೇಶಿಯಾಗಲಿಲ್ಲವೆಂದು ಕೊರಗುವ ತಂದೆತಾಯಿಗಳು ಇದನ್ನು ನೆನಸಲಿ.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ ಲೂಯಿಸರು 1860ರಲ್ಲಿ ಬೆಂಗಳೂರಿಗೆ ಹಿಂದಿರುಗಿ ಅಲ್ಲಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಈ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜಾಯಿತು. 1865ರಲ್ಲಿ ಅವರು ಮೈಸೂರು, ಕೊಡಗು ಸೀಮೆಗಳ ಶಾಲೆಗಳ ಇನ್‌ಸ್ಪೆಕ್ಟರಾದರು. ಆಗ ಒಳನಾಡಿಗೆ ರೈಲು ಬಂದಿರಲಿಲ್ಲ. ಶಾಲೆಗಳನ್ನು ನೋಡಬೇಕಾದರೆ ಊರಿಂದ ಊರಿಗೆ ಸಂಚಾರ ಮಾಡಬೇಕಾಗಿತ್ತು. ಸರಕಾರದ ಶಾಲೆಗಳು ಹೆಚ್ಚಾಗಿ ಪಟ್ಟಣಗಳಲ್ಲಿ ಇದ್ದವಲ್ಲದೆ ಹಳ್ಳಿಯ ಮಕ್ಕಳಿಗೆ ಸಿಕ್ಕುವಂತಿರಲಿಲ್ಲ. ಆದಕಾರಣ 1868ರ ಸುಮಾರಿಗೆ ರೈಸರವರು ಹೋಬಳಿ ಶಾಲೆಗಳ ಏರ್ಪಾಡನ್ನು ಮುಂದಿಟ್ಟರು. ಅದು ಹೇಗಂದರೆ, ಹೋಬಳಿಗೊಂದು ಕನ್ನಡ ಶಾಲೆಯನ್ನು ಸ್ಥಾಪಿಸುವದು. ಅದಕ್ಕೆ ಬೇಕಾದ ಉಪಾಧ್ಯಾಯನನ್ನು ದೂರದಿಂದ ತರದೆ ಆ ಸೀಮೆಯವರಲ್ಲಿಯೇ ಆರಿಸಿ, ತರಬೇತುಕೊಟ್ಟು, ತಿರಿಗಿ ಅಲ್ಲಿಗೇ ಕಳುಹಿಸುವದು. ತಾನೇ ಎಲ್ಲವನ್ನು ಮಾಡುವೆನೆಂದು ಓಡಾಡುವವನಿಗಿಂತ, ಸ್ಥಳದವರನ್ನು ಸಿದ್ಧಪಡಿಸಿ ಕೆಲಸವನ್ನು ಅವರ ಕೈಗೆ ಕೊಡುವವನು ಒಳ್ಳೇ ನಾಯಕನು. ನಮ್ಮ ಕರ್ತನು ಸಹ ಹನ್ನೆರಡು ಮಂದಿಯನ್ನು ಮೊದಲು ತನ್ನ ಸಂಗಡ ಇಟ್ಟುಕೊಂಡು, ಆಮೇಲೆ ಇಬ್ಬಿಬ್ಬರನ್ನಾಗಿ ಕಳುಹಿಸಿದನಲ್ಲವೇ?

ಹೀಗೆ ಸಂಚಾರ ಮಾಡುವಾಗ ರೈಸರವರ ಕಣ್ಣು ಕಲ್ಲುಗಳ ಮೇಲೆ ಬಿತ್ತು. ಮೇಜರ್ ಡಿಕ್ಸನರೆಂಬವರು ಮೈಸೂರು ಸೀಮೆಯ ಅನೇಕ ಶಾಸನಗಳ ಛಾಯಾಚಿತ್ರಗಳನ್ನು ತೆಗೆದಿದ್ದರು. ಅವುಗಳನ್ನು ಭಾಷಾಂತರಿಸುವ ಕೆಲಸವು ರೈಸರವರ ಪಾಲಿಗೆ ಬಂತು. ಆ ಪುಸ್ತಕವು 1879ರಲ್ಲಿ ಪ್ರಕಟವಾಯಿತು. ಅದಕ್ಕೆ ಮುಂಚೆ, 1876ರಿಂದ 1878ರ ವರೆಗೆ, ಮೈಸೂರು ಮತ್ತು ಕೊಡಗಿನ ಗೆಜೆಟಿಯರನ್ನು ಮೂರು ಸಂಪುಟಗಳಲ್ಲಿ ಅವರು ಹೊರತಂದಿದ್ದರು. ಮುಂದೆ ಸರಕಾರದವರು ಅವರನ್ನು ಪ್ರಾಚ್ಯವಸ್ತು ಇಲಾಖೆಗೆ ಮುಖ್ಯಸ್ಥರನ್ನಾಗಿ ನೇಮಿಸಿದರು.

ಶಾಸನವನ್ನು ಓದುವದು ಸುಲಭದ ಕೆಲಸವಲ್ಲ. ಕಲ್ಲಿನ ಮೇಲಣ ಪಾಚಿಯನ್ನೂ ಮಣ್ಣನ್ನೂ ತೊಳೆದು, ಒದ್ದೆಯಾದ ಕಾಗದವನ್ನು ಹಾಸಿ, ಅದು ಅಕ್ಷರದ ಕುಳಿಗಳಿಗೆ ಇಳಿಯುವಂತೆ ಬಡಿದು, ಮಸಿಹಚ್ಚಿ ಪಡಿಯಚ್ಚನ್ನು ತೆಗೆಯಬೇಕು. ಆಮೇಲೆ ಸವೆದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಬೇಕು. ಒಂದು ಅಕ್ಷರ ತಪ್ಪಿದರೆ ಒಬ್ಬ ಅರಸನು ನೂರು ವರ್ಷ ಹಿಂದಕ್ಕೋ ಮುಂದಕ್ಕೋ ಹೋಗಬಹುದು. ಈ ಕೆಲಸವನ್ನು ರೈಸರವರು ತಮ್ಮ ಪಂಡಿತರ ಸಹಾಯದಿಂದ ಸುಮಾರು ಇಪ್ಪತ್ತು ವರ್ಷ ನಡಿಸಿದರು. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ಎಪಿಗ್ರಾಫಿಯ ಕರ್ನಾಟಿಕ ಎಂಬ ಮಾಲೆಯು 12 ಸಂಪುಟಗಳಾಗಿ ಬೆಳೆದು, 9000ಕ್ಕೆ ಸಮೀಪವಾದ ಶಾಸನಗಳನ್ನು ಒಳಗೊಂಡಿತು. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮೊದಲಾದ ನಮ್ಮ ತಾಲ್ಲೂಕುಗಳ ಶಾಸನಗಳು 1902ರಲ್ಲಿ ಬಂದ ಐದನೆಯ ಸಂಪುಟದಲ್ಲಿವೆ.

ಈ ಮಾಲೆಯ ಎರಡನೆಯ ಸಂಪುಟವು 1889ರಲ್ಲಿ ಬಂತು. ಅದು ಶ್ರವಣಬೆಳಗೊಳದ 144 ಶಾಸನಗಳ ಪುಸ್ತಕ. ಜಿನನಾಥಪುರದವರಿಗೆ ಬೆಳಗೊಳವು ಒಂದು ಮೈಲಿನಷ್ಟು ಸಮೀಪ. ನಡುವೆ ಇರುವದು ಚಿಕ್ಕಬೆಟ್ಟವೇ. ಜಿನನಾಥಪುರವನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನೆಂದೂ, ಅಲ್ಲಿಯ ಶಾಂತಿನಾಥ ಬಸದಿಯು 1200ರ ಸುಮಾರಿಗೆ ರೇಚಿಮಯ್ಯನೆಂಬ ದಂಡನಾಯಕನಿಂದ ಆಯಿತೆಂದೂ ನಮಗೆ ಗೊತ್ತಾಗಿರುವದು ಇಂಥ ಶಾಸನಗಳಿಂದಲೇ.

ಇಲ್ಲಿ ನಮ್ಮವರಲ್ಲಿ ಯಾರಾದರೂ ಕೇಳಬಹುದು: ಬಸದಿಯ ಕಲ್ಲುಗಳನ್ನು ಓದುವದು ಕ್ರೈಸ್ತನಿಗೆ ತಕ್ಕ ಕೆಲಸವೋ? ಇದಕ್ಕೆ ಉತ್ತರವು ಹತ್ತು ಆಜ್ಞೆಗಳಲ್ಲಿಯೇ ಉಂಟು. ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿ ಹೇಳಬಾರದೆಂದು ದೇವರು ಅಪ್ಪಣೆಕೊಟ್ಟಿದ್ದಾನೆ. ಬೆಳಗೊಳದ ಕಲ್ಲುಗಳನ್ನು ಕೆತ್ತಿಸಿದವರ ನಂಬಿಕೆಯು ರೈಸರವರ ನಂಬಿಕೆಯಲ್ಲ. ಆದರೂ ಅವರು ಬರೆಸಿದ್ದೇನೆಂದು ತಿಳಿಯುವದಕ್ಕೆ ಶ್ರಮಪಟ್ಟು, ತಿಳಿದದ್ದನ್ನು ಅವರ ಮಾತಿನಲ್ಲಿಯೇ ಅಚ್ಚುಹಾಕಿಸಿದರು. ನೆರೆಯವನ ವಿಷಯವಾಗಿ ಸತ್ಯವನ್ನು ಹೇಳುವದು ನಮ್ಮ ನಂಬಿಕೆಗೆ ಕುಂದಲ್ಲ. ಅದು ನಂಬಿಕೆಯ ಫಲವೇ.

ಆ ಕಲ್ಲುಗಳಲ್ಲಿ ಒಂದನ್ನು ನಾವೆಲ್ಲರೂ ತಿಳಿದಿರಬೇಕು. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವುಂಟಾಗಿ, ಜೈನರು ಅರಸನಿಗೆ ದೂರುಕೊಟ್ಟರು. 1368ರಲ್ಲಿ ಅರಸನು ಎರಡು ಪಕ್ಷದ ಮುಖಂಡರನ್ನು ಕರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಒಬ್ಬರಿಗಾದ ಹಾನಿಯನ್ನು ಮತ್ತೊಬ್ಬರು ತಮ್ಮದೆಂದೇ ಎಣಿಸಬೇಕೆಂದು ತೀರ್ಪುಮಾಡಿದನು. ಜೈನರು ಮನೆಗೊಂದು ಹಣದಂತೆ ವರ್ಷಕ್ಕೊಮ್ಮೆ ಕೊಡತಕ್ಕದ್ದು, ಅದರಿಂದ ಬೆಳಗೊಳದಲ್ಲಿ ಇಪ್ಪತ್ತು ಮಂದಿ ಕಾವಲುಗಾರರನ್ನು ಇಡತಕ್ಕದ್ದು, ಉಳಿದದ್ದರಿಂದ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡಿಸತಕ್ಕದ್ದು ಎಂದು ಗೊತ್ತಾಯಿತು. ಹಳ್ಳಿಗಳಲ್ಲಿ ಸ್ವಲ್ಪ ಮಂದಿಯಾಗಿ ವಾಸಿಸುವ ನಾವು ಇಂಥ ಸಮಾಧಾನದ ಬೆಲೆಯನ್ನು ಬಲ್ಲೆವು. ಅದನ್ನು ಓದಿ ತಿಳಿಸಿದ್ದು ಸಣ್ಣ ಸೇವೆಯಲ್ಲ.

ಈಗ ರೈಸರವರ ಪುಸ್ತಕದ ಏರ್ಪಾಡನ್ನು ನೋಡಿರಿ. ಅವರು ತಮ್ಮ ಅಭಿಪ್ರಾಯವನ್ನು ಮಾತ್ರ ಬರೆದು ಬಿಡಲಿಲ್ಲ. ಶಾಸನದ ಮಾತನ್ನು ಕನ್ನಡ ಅಕ್ಷರದಲ್ಲಿಯೂ ರೋಮನ್ ಅಕ್ಷರದಲ್ಲಿಯೂ, ಅದರೊಂದಿಗೆ ಇಂಗ್ಲಿಷ್ ಭಾಷಾಂತರವನ್ನೂ ಕೊಟ್ಟರು. ಇದರಿಂದ ಅವರ ಮಾತನ್ನು ಯಾರು ಬೇಕಾದರೂ ಕಲ್ಲಿನ ಮಾತಿನೊಂದಿಗೆ ಹೋಲಿಸಿ ನೋಡಬಹುದಾಗಿತ್ತು. ಹಾಗೆಯೇ ಆಯಿತು. ಫ್ಲೀಟ್ ಎಂಬ ಪಂಡಿತರು ಗಂಗರಾಜರ ತಾಮ್ರಶಾಸನಗಳ ವಿಷಯದಲ್ಲಿಯೂ, ಚಂದ್ರಗುಪ್ತನು ಬೆಳಗೊಳಕ್ಕೆ ಬಂದನೆಂಬ ವಿಷಯದಲ್ಲಿಯೂ ರೈಸರವರೊಡನೆ ಬಹಳವಾಗಿ ವಾದಿಸಿದರು. ಕೆಲವು ಸಂಗತಿಗಳಲ್ಲಿ ನಂತರದ ವಿದ್ವಾಂಸರು ರೈಸರವರ ಅಭಿಪ್ರಾಯವನ್ನು ಬಿಟ್ಟುಬಿಟ್ಟಿದ್ದಾರೆ. ಆದರೆ ಅವರನ್ನು ತಿದ್ದಿದವರು ಸಹ ಅವರ ಪುಸ್ತಕಗಳನ್ನೇ ಕೈಯಲ್ಲಿ ಹಿಡಿದು ತಿದ್ದಿದರು.

ಅವರ ಕೆಲಸವು ಇಷ್ಟಕ್ಕೇ ನಿಲ್ಲಲಿಲ್ಲ. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಕಂಡುಹಿಡಿದರು. ಹಳಗನ್ನಡದ ಗ್ರಂಥಗಳನ್ನೂ ಅಚ್ಚುಹಾಕಿಸಿದರು. ಆ ಮಾಲೆಯಲ್ಲಿಯೇ 1898ರಲ್ಲಿ ಕವಿರಾಜಮಾರ್ಗವು ಪ್ರಕಟವಾಯಿತು. ಅದನ್ನು ಪರಿಶೋಧಿಸಿದವರು ಕೆ. ಬಿ. ಪಾಠಕರು. 1906ರಲ್ಲಿ ರೈಸರವರು ಕೆಲಸದಿಂದ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿಯೂ ಸುಮ್ಮನಿರದೆ, ಶಾಸನಗಳಿಂದ ತಿಳಿದುಬರುವ ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು 1909ರಲ್ಲಿ ಪ್ರಕಟಿಸಿದರು. 1927ನೆಯ ಜುಲೈ 10ರಲ್ಲಿ, ತೊಂಭತ್ತು ವರ್ಷ ತುಂಬುವದಕ್ಕೆ ಒಂದು ವಾರ ಮಾತ್ರ ಇರುವಾಗ, ಹ್ಯಾರೋ ಎಂಬ ಊರಿನಲ್ಲಿ ತೀರಿಹೋದರು.

ಅವರ ತರುವಾಯ ಇಲಾಖೆಯ ಭಾರವನ್ನು ಹೊತ್ತವರು ಅವರ ಕೈಕೆಳಗೆ ಕೆಲಸಮಾಡಿದ್ದ ಆರ್. ನರಸಿಂಹಾಚಾರ್ಯರು. ಇವರು ಬೆಳಗೊಳದ ಸಂಪುಟವನ್ನು ಪರಿಷ್ಕರಿಸಿ 1923ರಲ್ಲಿ ತಿರಿಗಿ ಅಚ್ಚುಹಾಕಿಸಿದಾಗ, 144 ಆಗಿದ್ದ ಶಾಸನಗಳು 500 ಆದವು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿದ್ದ ಅತಿ ಪ್ರಾಚೀನವಾದ ಕನ್ನಡ ಶಾಸನವು ರೈಸರವರ ಕಣ್ಣಿಗೆ ಬೀಳಲೇ ಇಲ್ಲ. ಅದನ್ನು 1936ರಲ್ಲಿ ಎಂ. ಎಚ್. ಕೃಷ್ಣರವರು ಬೆಳಕಿಗೆ ತಂದರು. ಇದರಿಂದ ರೈಸರವರಿಗೆ ಅವಮಾನವಾಯಿತೋ? ಇಲ್ಲ. ಪೌಲನು ನೆಟ್ಟನು, ಅಪೊಲ್ಲೋಸನು ನೀರು ಹೊಯ್ದನು, ಬೆಳೆಸಿದವನು ದೇವರು; ಕೊರಿಂಥದ ಸಭೆಗೆ ಅಪೊಸ್ತಲನು ಕಲಿಸಿದ ಈ ಪಾಠವು ಎಲ್ಲಾ ಒಳ್ಳೇ ಕೆಲಸಕ್ಕೂ ಸಲ್ಲುತ್ತದೆ.

ಪ್ರಿಯರೇ, ಈ ಜೀವಿತದಿಂದ ಮೂರು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ.

ಮೊದಲನೆಯದು, ಇದ್ದದ್ದನ್ನು ಇದ್ದಂತೆಯೇ ಹೇಳುವದು. ಕಲ್ಲಿನಲ್ಲಿ ಇಲ್ಲದ್ದನ್ನು ಓದುವವನು ಸುಳ್ಳುಸಾಕ್ಷಿಯಾಗುತ್ತಾನೆ. ಹಾಗೆಯೇ ನೆರೆಮನೆಯವರ ಜಗಳದಲ್ಲಿ ಪಂಚಾಯಿತಿಗೆ ಕೂತ ಹಿರಿಯನು ಕೇಳಿದ್ದಕ್ಕೆ ಒಂದು ಮಾತು ಕೂಡಿಸಿದರೂ, ಒಂದು ಮಾತು ಬಚ್ಚಿಟ್ಟರೂ, ಎರಡು ಮನೆಗಳು ಹಾಳಾಗುತ್ತವೆ.

ಎರಡನೆಯದು, ಪರೀಕ್ಷೆಗೆ ಒಳಪಡುವದು. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಧರ್ಮಹಣವನ್ನು ಪೌಲನು ತಾನೊಬ್ಬನೇ ಒಯ್ಯಲಿಲ್ಲ. ಯಾರೂ ತಪ್ಪುಹೊರಿಸದಂತೆ ಸಭೆಗಳಿಂದ ನೇಮಿಸಲ್ಪಟ್ಟವರನ್ನು ಜೊತೆಗೆ ಕರಕೊಂಡನು. ಅಪೊಸ್ತಲನೇ ಹೀಗೆ ಮಾಡಿದ ಮೇಲೆ, ಸಭೆಯ ಕಾಣಿಕೆಯ ಲೆಕ್ಕವನ್ನು ಕೇಳಿದರೆ ಹಿರಿಯರು ಸಿಟ್ಟಾಗುವದು ಯಾಕೆ? ಸುಗ್ಗಿಯ ಹಬ್ಬದಲ್ಲಿ ಬಂದ ರಾಗಿ ಎಷ್ಟು ಕೊಳಗ, ಅದನ್ನು ಮಾರಿ ಬಂದ ಹಣವೆಷ್ಟು, ದೇವಾಲಯದ ಹಂಚಿಗೆ ಹೋದದ್ದೆಷ್ಟು ಎಂಬದನ್ನು ಎಲ್ಲರೂ ಓದುವಂತೆ ಬರೆದಿಡುವವನೇ ನಂಬಿಗಸ್ತ ಮನೆವಾರ್ತೆಯವನು. ಲೆಕ್ಕವನ್ನು ಮುಚ್ಚುವದರಿಂದ ಮರ್ಯಾದೆ ಉಳಿಯುವದಿಲ್ಲ; ತೆರೆದಿಟ್ಟರೆ ತಪ್ಪಿದ್ದರೂ ಅದನ್ನು ತಿದ್ದಬಹುದು, ಸಭೆಯು ಒಡೆಯುವದಿಲ್ಲ.

ಮೂರನೆಯದು, ಬಿಟ್ಟುಕೊಡುವದು. ಕೆಲವು ಸಭೆಗಳಲ್ಲಿ ಒಬ್ಬನೇ ಇಪ್ಪತ್ತು ವರ್ಷ ಪೆಟ್ಟಿಗೆಯ ಬೀಗವನ್ನು ಇಟ್ಟುಕೊಂಡು, ಯೌವನಸ್ಥರಿಗೆ ಏನೂ ತಿಳಿಯದೆಂದು ಹೇಳುತ್ತಾನೆ. ಅವನು ಕಣ್ಣುಮುಚ್ಚಿದ ದಿವಸ ಕೆಲಸವೂ ಅವನ ಸಂಗಡ ಹೂಳಲ್ಪಡುತ್ತದೆ. ಇಂದೇ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ವೇದಪಾಠವನ್ನು ಓದುವದಕ್ಕೂ ಲೆಕ್ಕ ಬರೆಯುವದಕ್ಕೂ ರೋಗಿಗಳನ್ನು ವಿಚಾರಿಸುವದಕ್ಕೂ ಕಲಿಸಿರಿ. ನೀವು ಓದಿದ 144ನ್ನು ಅವರು 500 ಮಾಡಲಿ. ಅದು ನಿಮ್ಮ ಸೇವೆಗೆ ಕಿರೀಟವೇ.

ಕಲ್ಲಿನ ಮೇಲಣ ಅಕ್ಷರವು ಮಳೆಗೂ ಬಿಸಿಲಿಗೂ ಸವೆಯುತ್ತದೆ. ಆದರೆ ಕರ್ತನು ನಮ್ಮ ಹೃದಯದ ಹಲಗೆಗಳ ಮೇಲೆ ತನ್ನ ಆತ್ಮನಿಂದ ಬರೆಯುವದು ಸವೆಯುವಂಥದ್ದಲ್ಲ. ದಾರಿಯಲ್ಲಿ ಹೋಗುವ ನೆರೆಯವರು ಆ ಬರಹವನ್ನು ನಮ್ಮ ನಡತೆಯಲ್ಲಿ ತಪ್ಪಿಲ್ಲದೆ ಓದುವಂತೆ ಆತನು ನಮಗೆ ಕೃಪೆ ಮಾಡಲಿ. ಆಮೆನ್.