ಎಲ್ವೆರಾ ಬ್ರಿಟ್ಟೊ

ಐಹೊಳೆಯ ಮೇಗುತಿ ಬಸದಿಯಲ್ಲಿ ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಸಾರುವ ರವಿಕೀರ್ತಿಯ ಶಾಸನವು ಕ್ರಿ.ಶ. 634ರಿಂದಲೂ ನಿಂತಿದೆ. ಗೆಲವು ಉಳಿಯಬೇಕಾದರೆ ಅದನ್ನು ಬರೆದಿಡುವವರೂ ಬೇಕು. ಕನ್ನಡನಾಡಿನ ಮಹಿಳಾ ಹಾಕಿಯ ಅಗ್ರಗಣ್ಯರಲ್ಲೊಬ್ಬರಾದ ಎಲ್ವೆರಾ ಬ್ರಿಟ್ಟೊ ಅವರ ಸಾಧನೆಯು ಅಂತಹ ಬರವಣಿಗೆಗೆ ಅರ್ಹವಾದುದು.

1940ರಲ್ಲಿ ಜನಿಸಿದ ಎಲ್ವೆರಾ ಬೆಂಗಳೂರಿನ ಕುಕ್ ಟೌನಿನಲ್ಲಿ ಬೆಳೆದರು. ಬಾಲ್ಯದಲ್ಲಿ ಫುಟ್‌ಬಾಲ್, ಕ್ರಿಕೆಟ್ ಆಟಗಳಲ್ಲಿ ತೊಡಗಿದ್ದ ಅವರು ಹದಿಮೂರರ ಪ್ರಾಯದಲ್ಲಿ ಹಾಕಿಗೆ ಒಲಿದರು. ಸೋದರಿಯರಾದ ರೀಟಾ ಮತ್ತು ಮೇ ಕೂಡ ಅದೇ ಆಟದಲ್ಲಿ ಹೆಸರಾದರು. 1960ರಿಂದ 1967ರವರೆಗಿನ ಅವಧಿಯಲ್ಲಿ ಎಲ್ವೆರಾ ಅವರ ನಾಯಕತ್ವದಲ್ಲಿ ಅಂದಿನ ಮೈಸೂರು ರಾಜ್ಯದ ತಂಡವು ರಾಷ್ಟ್ರೀಯ ಪ್ರಶಸ್ತಿಯನ್ನು ಮತ್ತೆ ಮತ್ತೆ ಗೆದ್ದಿತು. ಭಾರತದ ಪರವಾಗಿ ಅವರು ಆಸ್ಟ್ರೇಲಿಯಾ, ಸಿಲೋನ್, ಜಪಾನ್ ತಂಡಗಳನ್ನು ಎದುರಿಸಿದರು. 1965ರಲ್ಲಿ ಅರ್ಜುನ ಪ್ರಶಸ್ತಿ ದೊರೆಯಿತು. ಆನ್ ಲಮ್ಸ್‌ಡೆನ್ ಅವರ ತರುವಾಯ ಈ ಗೌರವಕ್ಕೆ ಪಾತ್ರರಾದ ಎರಡನೆಯ ಹಾಕಿ ಆಟಗಾರ್ತಿ ಇವರು.

ಆದರೆ ಕಾಲವು ಅವರಿಗೆ ಪೂರ್ಣವಾಗಿ ಒಲಿಯಲಿಲ್ಲ. ಭಾರತದ ಪುರುಷರು 1928ರಲ್ಲಿಯೇ ಒಲಿಂಪಿಕ್ ಸ್ವರ್ಣವನ್ನು ತಂದಿದ್ದರೂ, ಮಹಿಳಾ ಹಾಕಿಗೆ ಆ ಕೂಟದಲ್ಲಿ ಪ್ರವೇಶ ದೊರೆತುದು 1980ರ ಮಾಸ್ಕೋದಲ್ಲಿ. ಮಹಿಳೆಯರ ವಿಶ್ವಕಪ್ ಕೂಡ 1974ರಲ್ಲಷ್ಟೇ ಆರಂಭವಾಯಿತು. ಅಷ್ಟರಲ್ಲಿ ಎಲ್ವೆರಾ ಅವರ ಆಟದ ಉಚ್ಛ್ರಾಯಕಾಲವು ಸಂದುಹೋಗಿತ್ತು. ಪರಮೋಚ್ಚ ಪದಕಕ್ಕಾಗಿ ಸೆಣಸುವ ಅವಕಾಶವೇ ಅವರಿಗೆ ಲಭಿಸಲಿಲ್ಲ.

ಆದರೂ ಅವರು ಕ್ರೀಡೆಯಿಂದ ವಿಮುಖರಾಗಲಿಲ್ಲ. ಆಯ್ಕೆಗಾರರಾಗಿ, ತಂಡದ ವ್ಯವಸ್ಥಾಪಕರಾಗಿ ಮುಂದಿನ ಪೀಳಿಗೆಯ ಆಟಗಾರ್ತಿಯರಿಗೆ ದಾರಿ ತೋರಿದರು. 2022ರ ಏಪ್ರಿಲ್ 26ರಂದು ಬೆಂಗಳೂರಿನಲ್ಲಿ ಇಹಲೋಕ ತ್ಯಜಿಸಿದರು. ತನಗೆ ದೊರೆಯದ ಅವಕಾಶವು ಇತರರಿಗೆ ದೊರೆಯಲೆಂದು ದುಡಿಯುವುದೇ ದೊಡ್ಡತನ. ಆಟದಂಗಳಕ್ಕೆ ಇಳಿಯುವ ನಮ್ಮ ಹೆಣ್ಣುಮಕ್ಕಳು ಈ ಹೆಸರನ್ನು ಅರಿತಿರಬೇಕು.